ವಾರಿಕ್ ಅರ್ಲನ ಹಡಗುಗಳು

1617ರ ಸೆಪ್ಟೆಂಬರಿನಲ್ಲಿ ಸೂರತ್ತಿನ ಹಾದಿಯಲ್ಲಿ ಎರಡು ಇಂಗ್ಲಿಷ್ ಹಡಗುಗಳು ಒಂದು ಭಾರಿ ಹಡಗಿನ ಬೆನ್ನಟ್ಟಿದ್ದವು. ಕೆಂಪು ಸಮುದ್ರದ ಕಡೆಯಿಂದ ಹಿಂದಿರುಗುತ್ತಿದ್ದ ಆ ಹಡಗು ಬಾದಶಹ ಜಹಾಂಗೀರನ ತಾಯಿಯದು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಅಡ್ಡ ಬಂದು ಅದನ್ನು ಉಳಿಸಿದವು, ಬೆನ್ನಟ್ಟಿದವರನ್ನು ಹಿಡಿದುಹಾಕಿದವು. ರಾಯಭಾರಿ ಥಾಮಸ್ ರೋ ಮೊಘಲ್ ದರ್ಬಾರಿನಲ್ಲಿದ್ದಾಗ ಲೂಟಿ ನಡೆದಿದ್ದರೆ ಕಂಪನಿಯ ವ್ಯಾಪಾರಕ್ಕೇ ಕುತ್ತು ಬರುತ್ತಿತ್ತು. ಹಡಗುಗಳನ್ನು ಕಳಿಸಿದವರಲ್ಲಿ ಮುಖ್ಯನಾದವನು ರಾಬರ್ಟ್ ರಿಚ್. ಅವನು ತಪ್ಪೊಪ್ಪಿಕೊಳ್ಳಲಿಲ್ಲ, ಬದಲಿಗೆ ಕಂಪನಿಯಿಂದಲೇ ನಷ್ಟಪರಿಹಾರ ಕೇಳಿ ವರ್ಷಗಟ್ಟಲೆ ಜಗಳಾಡಿದ.

ರಿಚ್ ಹುಟ್ಟಿದ್ದು 1587ರಲ್ಲಿ. ಎಂಟನೆಯ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿದಾಗ ಅವುಗಳ ಆಸ್ತಿಯಿಂದ ಕೊಬ್ಬಿದ ಮುತ್ತಜ್ಜನ ಮನೆತನ ಅವನದು. 1619ರಲ್ಲಿ ತಂದೆ ತೀರಿಕೊಂಡು ಇವನು ವಾರಿಕ್‌ನ ಎರಡನೆಯ ಅರ್ಲ್ ಆದ. ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಚರ್ಚಿನಲ್ಲಿ ಉಳಿದಿದ್ದ ಕ್ಯಾಥೊಲಿಕ್ ಆಚಾರಗಳನ್ನು ಕಿತ್ತೊಗೆಯಬೇಕೆಂದವರು, ಇವನನ್ನು ತಮ್ಮ ಆಸರೆ ಎಂದು ನಂಬಿದ್ದರು. ಎಸೆಕ್ಸ್ ಪ್ರಾಂತದಲ್ಲಿ ಕಿರುಕುಳಕ್ಕೊಳಗಾದ ಬೋಧಕರಿಗೆ ಅವನ ಮನೆಯ ಬಾಗಿಲು ತೆರೆದಿತ್ತು.

ಅದೇ 1619ರಲ್ಲಿ ಅವನ 'ಟ್ರೆಷರರ್' ಹಡಗು, 'ವೈಟ್ ಲಯನ್' ಎಂಬ ಇನ್ನೊಂದರ ಜೊತೆ ಸೇರಿ, ಪೋರ್ಚುಗೀಸರ ಗುಲಾಮ ಹಡಗನ್ನು ದೋಚಿತು. ಹೀಗೆ ಸಿಕ್ಕ ಆಫ್ರಿಕನ್ನರಲ್ಲಿ ಇಪ್ಪತ್ತಕ್ಕೂ ಮಿಕ್ಕಿದವರನ್ನು 'ವೈಟ್ ಲಯನ್' ವರ್ಜೀನಿಯಾದಲ್ಲಿ ಇಳಿಸಿತು. ಅಮೆರಿಕದ ಗುಲಾಮಗಿರಿಯ ಕಥೆಯನ್ನು ಅಲ್ಲಿಂದ ಆರಂಭಿಸುವವರು ಬಹಳ. 'ಟ್ರೆಷರರ್' ಬರ್ಮುಡಾಕ್ಕೆ ಸಾಗಿತು. ಅದು ಹೊತ್ತುತಂದವರಲ್ಲಿ ಹಲವರು ಅರ್ಲನ ಜಮೀನಿಗೇ ದುಡಿಮೆಗೆ ಸೇರಿದರು.

ಭಕ್ತಿ ಬೇರೆ, ಲೂಟಿ ಬೇರೆ ಎಂದು ನಾವು ಇಂದು ಸುಲಭವಾಗಿ ಗೆರೆ ಎಳೆಯುತ್ತೇವೆ. ಕ್ಯಾಥೊಲಿಕ್ ಸ್ಪೇನಿನ ಹಡಗನ್ನು ದೋಚುವುದು ಇವನ ಲೆಕ್ಕದಲ್ಲಿ ದೇವರ ಕೆಲಸವೂ ಹೌದು, ಗಳಿಕೆಯೂ ಹೌದು. 1630ರಲ್ಲಿ ಇವನೂ ಪಾರ್ಲಿಮೆಂಟಿನ ಮುಂದಾಳು ಜಾನ್ ಪಿಮ್ ಮೊದಲಾದವರೂ ಕೂಡಿ ಪ್ರಾವಿಡೆನ್ಸ್ ದ್ವೀಪದ ಕಂಪನಿ ಕಟ್ಟಿದರು. ನಿಕರಾಗುವದ ಕರಾವಳಿಯಾಚೆಗಿನ ಆ ಪುಟ್ಟ ದ್ವೀಪ ಧರ್ಮನಿಷ್ಠರ ನೆಲೆಯಾಗಬೇಕಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿ ಗುಲಾಮರು ತುಂಬಿದರು, 1638ರಲ್ಲಿ ದಂಗೆ ಎದ್ದರು. 1641ರಲ್ಲಿ ಸ್ಪೇನ್ ದ್ವೀಪವನ್ನೇ ಕಿತ್ತುಕೊಂಡಿತು. ಲಾಭದ ಲೆಕ್ಕದಲ್ಲಿ ಕಂಪನಿ ಮುಳುಗಿತು ನಿಜ. ಆದರೆ ರಾಜ ಚಾರ್ಲ್ಸ್ ಪಾರ್ಲಿಮೆಂಟನ್ನೇ ಕರೆಯದಿದ್ದ ಆ ವರ್ಷಗಳಲ್ಲಿ ಅವನ ವಿರೋಧಿಗಳು ಒಂದೆಡೆ ಕೂತು ಮಾತಾಡಲು ಇದರ ಸಭೆಗಳು ಒಳ್ಳೆಯ ನೆಪವಾದವು.

ರಾಜನಿಗೂ ಪಾರ್ಲಿಮೆಂಟಿಗೂ ಇದ್ದ ಜಗಳ ಕೊನೆಗೆ ಯುದ್ಧಕ್ಕೆ ತಿರುಗಿತು. 1642ರ ಜುಲೈ 2ರಂದು ಡೌನ್ಸ್ ಎಂಬ ಲಂಗರುದಾಣದಲ್ಲಿ ವಾರಿಕ್ ನೌಕಾದಳದ ಕಪ್ತಾನರನ್ನು ಕರೆಸಿ, ಪಾರ್ಲಿಮೆಂಟಿನ ಆಜ್ಞೆ ತೋರಿಸಿದ. ಬಹುಪಾಲು ಜನ ಒಪ್ಪಿದರು. ಒಪ್ಪದ ಕೆಲವರನ್ನು ಮಣಿಸಲಾಯಿತು. ದೊಡ್ಡ ರಕ್ತಪಾತವಿಲ್ಲದೆ ರಾಜನ ನೌಕಾದಳ ರಾಜನ ಕೈತಪ್ಪಿತು. ಲಂಡನ್ನಿನ ವ್ಯಾಪಾರ, ಅದರ ಸುಂಕ ಎರಡೂ ಪಾರ್ಲಿಮೆಂಟಿನ ಪಾಲಿಗೆ ಉಳಿದವು. ನನ್ನನ್ನು ಕೇಳಿದರೆ, ಆ ಯುದ್ಧದ ಯಾವ ರಣರಂಗದ ಗೆಲುವಿಗೂ ಈ ದಿನ ಕಡಿಮೆಯದಲ್ಲ.

ಮರುವರ್ಷ ವಸಾಹತುಗಳ ಆಡಳಿತವೂ ಇವನ ಕೈಗೆ ಬಂತು. ಮ್ಯಾಸಚೂಸೆಟ್ಸ್‌ನಿಂದ ಗಡೀಪಾರಾದ ರಾಜರ್ ವಿಲಿಯಮ್ಸ್‌ಗೆ 1644ರಲ್ಲಿ ರೋಡ್ ಐಲೆಂಡ್ ನೆಲೆಯ ಸನ್ನದು ಸಿಕ್ಕಿದ್ದು ಇವನ ಸಮಿತಿಯಿಂದ. ಅಲ್ಲಿನ ವಾರಿಕ್ ಪಟ್ಟಣಕ್ಕೆ ಇವನದೇ ಹೆಸರು.

ರಾಜನ ಪಕ್ಷಕ್ಕೆ ವಾಲಿದ ತಮ್ಮ ಹೆನ್ರಿಯ ತಲೆ 1649ರಲ್ಲಿ ಉರುಳಿತು. ವಾರಿಕ್‌ನ ಮೊಮ್ಮಗ ಮಾತ್ರ 1657ರಲ್ಲಿ, ಯುದ್ಧದ ಬಳಿಕ ದೇಶವಾಳುತ್ತಿದ್ದ ಆಲಿವರ್ ಕ್ರಾಮ್‌ವೆಲ್‌ನ ಮಗಳನ್ನು ಮದುವೆಯಾದ. ಇಷ್ಟು ನಂಟಿದ್ದರೂ ಕ್ರಾಮ್‌ವೆಲ್ ಹೊಸದಾಗಿ ಕಟ್ಟಿದ ಮೇಲ್ಮನೆಗೆ ವಾರಿಕ್ ಹೋಗಲಿಲ್ಲ. ಒಂದು ಕಾಲಕ್ಕೆ ಜೋಡು ಹೊಲಿಯುತ್ತಿದ್ದ ಕರ್ನಲ್ ಹ್ಯೂಸನ್ನನ ಸಾಲಿನಲ್ಲಿ ತಾನು ಕೂರಲಾರೆ ಎಂದನಂತೆ, ಹಾಗೆಂದು ಸಮಕಾಲೀನ ಎಡ್ಮಂಡ್ ಲಡ್ಲೋ ಬರೆದಿದ್ದಾನೆ. 1658ರ ಏಪ್ರಿಲ್‌ನಲ್ಲಿ ತೀರಿಕೊಂಡ ಅರ್ಲನನ್ನು ಎಸೆಕ್ಸ್‌ನ ಫೆಲ್‌ಸ್ಟೆಡ್‌ನಲ್ಲಿ ಹೂಳಲಾಯಿತು.