ನಿಂತುಹೋದ ಗಣಕದ ಉಪಕಾರ

ಹೇಳಿ ಬರುವ ನೆಂಟರಿಗೆ ಎಲೆ ಹಾಕಿ ಕಾಯಬಹುದು; ಹೊತ್ತುಗೊತ್ತಿಲ್ಲದೆ ಬಂದುಹೋಗುವ ರೋಗಕ್ಕೆ ಮದ್ದು ಹುಡುಕುವುದು ಕಷ್ಟ. ಮಧುಗಿರಿಯ ಏಕಶಿಲಾ ಬೆಟ್ಟದ ಅಡಿಯಲ್ಲಿರುವ ನನ್ನ ಮನೆಯ ಗಣಕಯಂತ್ರಕ್ಕೆ ಕಳೆದ ಬೇಸಗೆಯಲ್ಲಿ ಅಂಥದೇ ಒಂದು ರೋಗ ತಗುಲಿತು. ಬರೆಯುತ್ತಿರುವಂತೆಯೇ ಪರದೆ ನೀಲಿಯಾಗುವುದು, ಯಂತ್ರ ತಾನಾಗಿಯೇ ನಿಂತು ಮರಳಿ ಏಳುವುದು. ಒಂದು ದಿನ ಮೂರು ಸಲ. ಆಮೇಲೆ ವಾರವೆಲ್ಲ ಏನೂ ಆಗದಂತೆ ಸುಮ್ಮನಿರುವುದು.

ಯಂತ್ರ ಹಳೆಯದು, ಅದು ಹೋದರೆ ಹೋಗಲಿ ಎನ್ನಬಹುದಿತ್ತು. ನನ್ನ ಚಿಂತೆಯೆಲ್ಲ ಅದರ ಹೊಟ್ಟೆಯಲ್ಲಿದ್ದುದರ ಬಗೆಗೆ. ಸಿರಾ ಸೀಮೆಯ ಕಾಡುಗೊಲ್ಲರು ಗಣೆಯ ನಾದದೊಡನೆ ಹಾಡುವ ಜುಂಜಪ್ಪನ ಕಥೆ, ಕೊರಟಗೆರೆಯ ಕಡೆಯ ಸೋಬಾನೆ, ಪಾವಗಡದ ಗಡಿಯಲ್ಲಿ ಕನ್ನಡಕ್ಕೆ ತೆಲುಗು ಬೆರೆತ ಪದಗಳು — ಹಲವು ವರ್ಷ ಊರೂರು ತಿರುಗಿ ಬರೆದುಕೊಂಡದ್ದನ್ನೆಲ್ಲ ಅದರಲ್ಲಿ ತುಂಬಿದ್ದೆ. ಹಾಡಿದವರಲ್ಲಿ ಕೆಲವರು ಈಗಿಲ್ಲ.

ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ಮೊದಲ ಅಪವಾದ ವಿದ್ಯುತ್ತಿನ ಮೇಲೆ. ಕೊಳವೆಬಾವಿಗಳ ಮೋಟಾರುಗಳು ಒಮ್ಮೆಗೇ ಎದ್ದರೆ ದೀಪ ಕುಗ್ಗುವುದನ್ನು ಯಾರು ಕಂಡಿಲ್ಲ? ಯುಪಿಎಸ್ ತಂದಿಟ್ಟೆ, ಫಲವಿಲ್ಲ. ಎರಡನೆಯ ಅಪವಾದ ಬಿಸಿಲಿನ ಪಾಲಿಗೆ ಬಂತು. ಪಾವಗಡದ ತಿರುಮಣಿಯ ಬಯಲಿನಲ್ಲಿ 2018ರಿಂದ ವಿದ್ಯುತ್ತಾಗುತ್ತಿರುವ ಆ ಬಿಸಿಲೇ ಇಲ್ಲಿ ನನ್ನ ಪೆಟ್ಟಿಗೆಯನ್ನು ಬೇಯಿಸುತ್ತಿರಬೇಕೆಂದು ಮುಚ್ಚಳ ತೆಗೆದರೆ, ಫ್ಯಾನಿನ ರೆಕ್ಕೆಗಳ ಮೇಲೆ ಧೂಳು ಕಂಬಳಿಯಂತೆ ಹೊದ್ದುಕೊಂಡಿತ್ತು. ಒರೆಸಿ ತೆಗೆದೆ. ನಾಲ್ಕು ದಿನ ನೆಮ್ಮದಿ. ಐದನೆಯ ದಿನ ಮತ್ತೆ ನೀಲಿ.

ಕೊನೆಗೆ, ಈಗ ರಿಪೇರಿ ಅಂಗಡಿ ಇಟ್ಟಿರುವ ಹಳೆಯ ಶಿಷ್ಯನೊಬ್ಬನನ್ನು ಕರೆದೆ. “ಮೇಷ್ಟ್ರೇ, ಮೊದಲು ಒಳಗಿರೋದನ್ನ ಈಚೆಗೆ ತೆಗೆಯೋಣ. ಕಳ್ಳನ್ನ ಆಮೇಲೆ ಹಿಡಿಯೋಣ” ಎಂದವನೇ ಹಾರ್ಡ್ ಡಿಸ್ಕನ್ನು ಬಿಚ್ಚಿ, ತನ್ನ ಯಂತ್ರಕ್ಕೆ ಜೋಡಿಸಿ, ಎಲ್ಲವನ್ನೂ ನಕಲು ಮಾಡಿಕೊಂಡ.

ಅನಂತರ ಅವನು ಹಿಡಿದ ದಾರಿ ತರ್ಕಶಾಸ್ತ್ರದ ಪಾಠದಂತಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ರೋಗ ವಾಸಿಯಾದರೂ ಕಾರಣ ತಿಳಿಯದು. ಯಂತ್ರದ ಸ್ಮರಣೆಯ ಪಟ್ಟಿಗಳು, ಎಂದರೆ ರ‍್ಯಾಮ್, ಎರಡಿದ್ದವು. ಮೆಮ್‌ಟೆಸ್ಟ್ ಎಂಬ ಪರೀಕ್ಷೆ ಸ್ಮರಣೆಯ ಒಂದೊಂದು ಮನೆಯಲ್ಲೂ ಒಂದು ಗುರುತು ಬರೆದು, ಮರಳಿ ಓದಿ, ಬರೆದದ್ದೇ ಬಂದಿತೇ ಎಂದು ನೋಡುತ್ತದೆ. ಮೊದಲ ಪಟ್ಟಿ ರಾತ್ರಿಯಿಡೀ ತಪ್ಪಲಿಲ್ಲ. ಅದೇ ಸ್ಲಾಟಿನಲ್ಲಿ ಕೂರಿಸಿದ ಎರಡನೆಯದು ತಪ್ಪಿತು. ಇನ್ನೊಂದು ಸ್ಲಾಟಿಗೆ ಬದಲಿಸಿದರೂ ತಪ್ಪಿತು. ಹಾಗಾದರೆ ದೋಷ ಸ್ಲಾಟಿನದಲ್ಲ, ಪಟ್ಟಿಯದೇ. ಅದರ ಕೆಲವೇ ಮನೆಗಳು ಕೆಟ್ಟಿದ್ದವು. ಕೆಲಸ ಆ ಮನೆಗಳ ಪಾಲಿಗೆ ಬಿದ್ದಾಗ ಯಂತ್ರ ಕುಸಿಯುತ್ತಿತ್ತು. ನಾನು ಹುಚ್ಚಾಟವೆಂದುಕೊಂಡದ್ದಕ್ಕೂ ಒಂದು ನಿಯಮವಿತ್ತು.

ಹೊಸ ಪಟ್ಟಿ ಬಂತು, ಯಂತ್ರ ನೆಟ್ಟಗಾಯಿತು. ಕಥೆ ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಬೇಸಗೆಯಲ್ಲಿ ತಿದ್ದಿ ಉಳಿಸಿದ್ದ ಕಡತಗಳನ್ನು ತೆರೆದು ನೋಡಿದರೆ, ಜುಂಜಪ್ಪನ ಕಥೆಯ ಒಂದೆಡೆ ಅಕ್ಷರಗಳೇ ಬೇರೆಯಾಗಿದ್ದವು. ಕೆಟ್ಟ ಮನೆಯಲ್ಲಿ ತಂಗಿದ ಮಾತು ರೂಪ ಕೆಟ್ಟೇ ಡಿಸ್ಕಿಗೆ ಇಳಿದಿತ್ತು. ಯಾವ ನೀಲಿ ಪರದೆಯೂ ಎಚ್ಚರಿಸಿರಲಿಲ್ಲ.

2003ರ ಮೇ 18ರಂದು ಬೆಲ್ಜಿಯಂ ದೇಶದ ಸ್ಕಾರ್‌ಬೇಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಗಣಕವೊಂದು ಒಬ್ಬ ಅಭ್ಯರ್ಥಿಗೆ 4096 ಮತಗಳನ್ನು ಹೆಚ್ಚಾಗಿ ಎಣಿಸಿತು. ಅದು ಎರಡರ ಹನ್ನೆರಡನೆಯ ಘಾತ. ಸ್ಮರಣೆಯಲ್ಲಿ ಒಂದೇ ಒಂದು ಸೊನ್ನೆ ಒಂದಾಗಿ ತಿರುಗಿರಬೇಕೆಂದು ತಜ್ಞರು ಊಹಿಸಿದರು. ಅಲ್ಲಿಯೂ ಯಂತ್ರ ನಿಲ್ಲಲಿಲ್ಲ. ಬರಲಾರದಷ್ಟು ಮತ ಬಂದುದನ್ನು ಕಂಡ ಮನುಷ್ಯರೇ ಅನುಮಾನಿಸಿ ಮತ್ತೆ ಎಣಿಸಿದರು. ಆಗಾಗ ನಿಂತು ನನ್ನನ್ನು ರೇಗಿಸಿದ ಯಂತ್ರ, ನಿಂತಾಗಲೆಲ್ಲ ನನಗೆ ಉಪಕಾರವನ್ನೇ ಮಾಡಿತ್ತು. ಅಪಾಯವಿದ್ದದ್ದು ಅದು ನಿಲ್ಲದೆ ಮುಂದುವರಿದ ಗಳಿಗೆಗಳಲ್ಲಿ.

ಕೆಟ್ಟ ಸಾಲುಗಳನ್ನು ಹಳೆಯ ನೋಟುಬುಕ್ಕು ನೋಡಿ ಸರಿಪಡಿಸಿದೆ. ಒಂದು ಪುಟ ಮಾತ್ರ ಗೆದ್ದಲಿನ ಪಾಲಾಗಿತ್ತು. ಅದನ್ನು ಹಾಡಿದ ಅಜ್ಜ ತೀರಿಕೊಂಡು ಆರು ವರ್ಷವಾಯಿತು. ಊಹಿಸಿ ತುಂಬಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.