ಚೈತ್ರದ ದಾರಿ

ವಸಂತವೆಂದರೆ ಕವಿಗಳಿಗೆ ಮಾವಿನ ಚಿಗುರು, ಕೋಗಿಲೆಯ ದನಿ. ಹೆಗಲಿಗೆ ಚೀಲವೇರಿಸಿ ಮೂರು ದಿನ ಘಟ್ಟದಲ್ಲಿ ನಡೆಯಹೊರಟವನಿಗಾದರೋ ಅದು ಬತ್ತಿದ ಹಳ್ಳ, ಒಣಗಿದ ಹುಲ್ಲು, ಕಾಳ್ಗಿಚ್ಚಿನ ಭಯ.

ಕುಮಾರಪರ್ವತಕ್ಕೆ ಹೋಗೋಣವೆಂದು ವಿದ್ಯಾರ್ಥಿಗಳು ಬಂದಾಗ ಸರ್ವೆ ಇಲಾಖೆಯ ನಕ್ಷೆಯನ್ನು ಹರಡಿದೆ. ಅವರ ಕಣ್ಣೆಲ್ಲ 1,712 ಮೀಟರಿನ ಶಿಖರದ ಮೇಲೆ. ಆ ನಕ್ಷೆಯಲ್ಲಿ ವರ್ಷವೆಲ್ಲ ಹರಿಯುವ ತೊರೆಗೆ ನೀಲಿ ಬಣ್ಣ, ಮಳೆಗಾಲ ಕಳೆದರೆ ಬತ್ತುವ ತೊರೆಗೆ ಕಪ್ಪು. ಚೈತ್ರದ ಪಯಣಿಗನು ಮೊದಲು ನೋಡಬೇಕಾದದ್ದು ಇವನ್ನು.

ಸುಬ್ರಹ್ಮಣ್ಯದಿಂದ ಹತ್ತುವ ದಾರಿ ಹೆಸರಾದದ್ದು, ನೀಳವಾದದ್ದು. ಮೊದಮೊದಲು ಕಾಡಿನ ನೆರಳುಂಟು. ಗಿರಿಗದ್ದೆಯನ್ನು ದಾಟಿದ ಮೇಲೆ ಬೋಳು ಹುಲ್ಲಿನ ಏರು, ನೆತ್ತಿಯ ಮೇಲೆ ಸೂರ್ಯ. ಸೋಮವಾರಪೇಟೆಯ ಕಡೆಯ ದಾರಿ ಗಿಡ್ಡ. ಶಿಖರದ ಬಳಿ ಬಂಡೆ ಕಡಿದಾದರೂ ಬಹುಪಾಲು ಕಾಡಿನೊಳಗೇ ಸಾಗುತ್ತದೆ. ಹತ್ತುವುದೂ ಇಳಿಯುವುದೂ ಇದರಲ್ಲೇ ಎಂದೆ.

“ಬಂದ ದಾರಿಯಲ್ಲೇ ಹಿಂದಿರುಗುವುದೇ, ಸಾರ್?” ಹುಡುಗನೊಬ್ಬನ ಮುಖ ಬಾಡಿತು. ಹಿಂದೊಮ್ಮೆ ಆ ಹುಲ್ಲಿನ ಏರಿನಲ್ಲಿ ನನ್ನ ಜೊತೆಗಾರ ನೀರಿಲ್ಲದೆ ಕುಸಿದುಬಿದ್ದದ್ದನ್ನು ಹೇಳಬೇಕಾಯಿತು. ನಮ್ಮ ಬಳಿ ಇದ್ದದ್ದು ಒಂದೇ ಬಾಟಲಿ. ನಂಬಿಹೋದ ತೊರೆಯಲ್ಲಿ ಬರಿಯ ಕಲ್ಲು. ನಾನು ಅಂದು ನಕ್ಷೆಯನ್ನು ನೋಡಿರಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ.

ಕಿಚ್ಚಿನ ಭಯದಿಂದ ಅರಣ್ಯ ಇಲಾಖೆ ಬೇಸಗೆಯಲ್ಲಿ ದಾರಿಯನ್ನು ಮುಚ್ಚುವುದುಂಟು. ಆದ್ದರಿಂದ ಅಪ್ಪಣೆ ದೊರೆತ ಮೇಲೆಯೇ ದಿನ ಗೊತ್ತುಮಾಡುವುದೆಂದಾಯಿತು. ಮೊದಲ ದಿನ ಸೋಮವಾರಪೇಟೆಯಿಂದ ಬೆಟ್ಟದ ಬುಡಕ್ಕೆ ನಡಿಗೆ, ಎರಡನೆಯ ದಿನ ಶಿಖರ, ಮೂರನೆಯ ದಿನ ಮರಳುವುದು. ಅಷ್ಟರೊಳಗೆ ಹೂಮಳೆ ಬಿದ್ದಿದ್ದರೆ ದಾರಿಯುದ್ದಕ್ಕೂ ಕಾಫಿತೋಟಗಳು ಬೆಳ್ಳಗೆ ಅರಳಿರುತ್ತವೆ.