ಟೇಬಲ್ ಮೊದಲು, ಜಾಂಗೊ ಆಮೇಲೆ

ಜಾಲತಾಣ ಕಟ್ಟಲು ಕಲಿಸುವ ಪುಸ್ತಕಗಳಲ್ಲಿ ಡೇಟಾಬೇಸ್ ಸಾಮಾನ್ಯವಾಗಿ ಖಾಲಿ ಇರುತ್ತದೆ. ಪೈಥಾನ್‌ನಲ್ಲಿ ‘ಪುಸ್ತಕ’ ಎಂಬ ಕ್ಲಾಸ್ ಬರೆದರೆ ಸಾಕು, ಅದಕ್ಕೆ ತಕ್ಕ ಟೇಬಲನ್ನು ಜಾಲತಾಣ ಕಟ್ಟುವ ಚೌಕಟ್ಟಾದ ಜಾಂಗೊ ತಾನೇ ಮಾಡಿಕೊಳ್ಳುತ್ತದೆ. ಕೆಲಸದ ಜಾಗದಲ್ಲಿ ಇಂಥ ಅದೃಷ್ಟ ಕಡಿಮೆ. ಟೇಬಲ್‌ಗಳು ಎಷ್ಟೋ ವರ್ಷಗಳಿಂದ ಅಲ್ಲಿರುತ್ತವೆ, ಅವಕ್ಕೆ ಹೆಸರಿಟ್ಟವರು ಕೆಲಸ ಬಿಟ್ಟು ಹೋಗಿರುತ್ತಾರೆ, ಬೇರೊಂದು ತಂತ್ರಾಂಶ ದಿನವೂ ಅವುಗಳಲ್ಲಿ ಬರೆಯುತ್ತಲೇ ಇರುತ್ತದೆ.

ಜಾಂಗೊ ಹುಟ್ಟಿದ್ದು 2003ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯೊಂದರಲ್ಲಿ. ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲ್ಲಿಸನ್ ಅದರ ಮೊದಲ ಶಿಲ್ಪಿಗಳು. 2005ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಹಳೆಯ ಟೇಬಲ್‌ಗಳನ್ನು ಓದಿಕೊಳ್ಳಲೆಂದೇ ಅದರಲ್ಲಿ ‘ಇನ್‌ಸ್ಪೆಕ್ಟ್‌ಡಿಬಿ’ ಎಂಬ ಆಜ್ಞೆ ಇದೆ.

ಇದರ ಹಿಂದೆ ಮಂತ್ರವೇನಿಲ್ಲ. ಯಾವ ಟೇಬಲ್‌ನಲ್ಲಿ ಯಾವ ಕಾಲಂ ಇದೆ, ಅದರಲ್ಲಿರುವುದು ಸಂಖ್ಯೆಯೋ ದಿನಾಂಕವೋ ಎಂಬ ವಿವರವನ್ನೂ ಡೇಟಾಬೇಸ್ ಟೇಬಲ್‌ಗಳ ರೂಪದಲ್ಲೇ ಇಟ್ಟುಕೊಂಡಿರುತ್ತದೆ. ಹೀಗೇ ಇರಬೇಕು ಎಂಬುದು 1985ರಲ್ಲಿ ಡೇಟಾಬೇಸ್ ತಜ್ಞ ಎಡ್ಗರ್ ಕಾಡ್ ಪಟ್ಟಿ ಮಾಡಿದ ನಿಯಮಗಳಲ್ಲೊಂದು. ಇನ್‌ಸ್ಪೆಕ್ಟ್‌ಡಿಬಿ ಆ ವಿವರವನ್ನು ಓದಿ, ಪ್ರತಿ ಟೇಬಲ್‌ಗೂ ಒಂದು ಪೈಥಾನ್ ಕ್ಲಾಸ್ ಬರೆದುಕೊಡುತ್ತದೆ. ಕಾಲಂ ಯಾವ ಬಗೆಯದೆಂದು ಗೊತ್ತಾಗದಿದ್ದರೆ ‘ಇದು ನನ್ನ ಊಹೆ’ ಎಂಬ ಟಿಪ್ಪಣಿಯನ್ನೂ ಪಕ್ಕದಲ್ಲಿ ಬರೆಯುತ್ತದೆ. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಆದರೆ ಅದಕ್ಕೆ ಕಾಣುವುದು ಆಕಾರ ಮಾತ್ರ, ಅರ್ಥವಲ್ಲ. ಒಂದು ಗ್ರಂಥಾಲಯ ಇದೆ ಎಂದುಕೊಳ್ಳಿ. ಪುಸ್ತಕ ಎರವಲಿನ ಟೇಬಲ್‌ನಲ್ಲಿ ಸದಸ್ಯರ ಸಂಖ್ಯೆಯ ಕಾಲಂ ಇದೆ. ಅದು ಸದಸ್ಯರ ಟೇಬಲ್‌ಗೆ ಸೇರಿದ್ದು ಎಂದು ಡೇಟಾಬೇಸ್‌ಗೆ ಯಾರೂ ವಿಧಿಪೂರ್ವಕವಾಗಿ ಹೇಳದಿದ್ದರೆ, ಜಾಂಗೊಗೆ ಅದು ಬರೀ ಅಂಕಿ. ನಂಟನ್ನು ನಾವೇ ಕೈಯಾರೆ ಬರೆಯಬೇಕು. ಪ್ರತಿ ಸಾಲನ್ನೂ ಬೇರೆಯಾಗಿ ತೋರಿಸುವ ಪ್ರೈಮರಿ ಕೀ ಯಾವುದೆಂದು ಗುರುತಿಸದ ಟೇಬಲ್ ಇನ್ನೂ ತರಲೆ. ‘ಐಡಿ’ ಎಂಬ ಕಾಲಂ ಇದ್ದೇ ಇರುತ್ತದೆಂದು ಜಾಂಗೊ ನಂಬಿಕೊಳ್ಳುತ್ತದೆ. ಮೊದಲ ಪ್ರಶ್ನೆ ಕೇಳಿದೊಡನೆಯೇ ಡೇಟಾಬೇಸ್ ‘ಅಂಥ ಕಾಲಂ ಇಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ.

ಇನ್‌ಸ್ಪೆಕ್ಟ್‌ಡಿಬಿ ಬರೆದುಕೊಟ್ಟ ಕ್ಲಾಸ್‌ಗಳಲ್ಲೆಲ್ಲ ‘ಮ್ಯಾನೇಜ್ಡ್ = ಫಾಲ್ಸ್’ ಎಂಬ ಸಾಲು ಇರುತ್ತದೆ. ಜಾಂಗೊ ಇಲ್ಲಿ ಬಾಡಿಗೆದಾರ: ಗೋಡೆ ಒಡೆಯುವಂತಿಲ್ಲ, ಕೋಣೆ ಸೇರಿಸುವಂತಿಲ್ಲ. ಅಂದರೆ ಟೇಬಲ್‌ನ ರಚನೆಯನ್ನು ಅದು ಬದಲಿಸುವುದಿಲ್ಲ. ಇಷ್ಟಕ್ಕೇ ಮಾಹಿತಿ ಭದ್ರ ಎಂದು ತಿಳಿಯುವವರು ಬಹಳ. ಆದರೆ ಟೇಬಲ್‌ನಲ್ಲಿರುವ ಮಾಹಿತಿಯನ್ನು ತಿದ್ದುವುದಕ್ಕೂ ಅಳಿಸುವುದಕ್ಕೂ ಆ ಸಾಲು ಅಡ್ಡ ಬರುವುದೇ ಇಲ್ಲ. ಬರೀ ಓದುವ ಕೆಲಸವಿದ್ದರೆ, ಡೇಟಾಬೇಸ್‌ನಲ್ಲೇ ಓದುವ ಅನುಮತಿ ಮಾತ್ರ ಇರುವ ಪ್ರತ್ಯೇಕ ಬಳಕೆದಾರನನ್ನು ಮಾಡಿಸಿಕೊಳ್ಳುವುದು ಕ್ಷೇಮ.

ವೇಗದ ತೊಂದರೆಯೂ ಉಂಟು. ನೂರು ಎರವಲುಗಳ ಪಟ್ಟಿ ತೋರಿಸುವಾಗ ಪ್ರತಿ ಸಾಲಿಗೂ ಸದಸ್ಯರ ಹೆಸರು ಬೇಕೆಂದರೆ, ಜಾಂಗೊ ಪಟ್ಟಿಗೆ ಒಂದು, ಹೆಸರುಗಳಿಗೆ ನೂರು, ಒಟ್ಟು 101 ಸಲ ಡೇಟಾಬೇಸಿಗೆ ಓಡಬಹುದು. ‘ಸೆಲೆಕ್ಟ್_ರಿಲೇಟೆಡ್’ ಎಂದು ಸೇರಿಸಿದರೆ ಎರಡೂ ಟೇಬಲ್ ಜೋಡಿಸಿ ಒಂದೇ ಸಲಕ್ಕೆ ತರುತ್ತದೆ.

ಕನ್ನಡದವರಿಗೆ ಇನ್ನೊಂದು ಗಂಟು ಬಾಕಿ ಇದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿಯಂಥ ತಂತ್ರಾಂಶಗಳಲ್ಲಿ ಟೈಪಿಸಿದ ಕನ್ನಡ, ವಾಸ್ತವದಲ್ಲಿ ಕನ್ನಡದ ಅಚ್ಚಿನ ವೇಷ ಹಾಕಿದ ಲ್ಯಾಟಿನ್ ಅಕ್ಷರಗಳು. ಆ ಫಾಂಟ್ ತೆಗೆದರೆ ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೀಟು ಹೊತ್ತ ಎ ಕಾಣುತ್ತವೆ, ‘ನ’ ಇದ್ದಲ್ಲಿ ಪೌಂಡ್ ಚಿಹ್ನೆ ಇಣುಕುತ್ತದೆ. ಇನ್‌ಸ್ಪೆಕ್ಟ್‌ಡಿಬಿ ಇದನ್ನೂ ‘ಪಠ್ಯ’ ಎಂದೇ ಬರೆದುಕೊಡುತ್ತದೆ, ಅದರ ಮಟ್ಟಿಗೆ ತಪ್ಪೇನೂ ಇಲ್ಲ. ಆದರೆ ಇಂದಿನ ಕೀಲಿಮಣೆಯಲ್ಲಿ ‘ಕಾರಂತ’ ಎಂದು ಹುಡುಕಿದರೆ, ಕಪಾಟಿನ ತುಂಬ ಕಾರಂತರ ಪುಸ್ತಕಗಳಿದ್ದರೂ ಉತ್ತರ ಸೊನ್ನೆ. ಇದನ್ನು ಯೂನಿಕೋಡಿಗೆ ಪರಿವರ್ತಿಸಲು ಸಾಧನಗಳಿವೆ. ಪರಿವರ್ತಿಸಿದ್ದನ್ನು ಅದೇ ಕಾಲಂನಲ್ಲಿ ಮಾತ್ರ ಬರೆಯಬಾರದು: ಹಳೆಯ ತಂತ್ರಾಂಶ ಇನ್ನೂ ಹಳೇ ಫಾಂಟಿನಲ್ಲೇ ಅದನ್ನು ತೋರಿಸುತ್ತಿರುತ್ತದೆ, ಯೂನಿಕೋಡ್ ಕೊಟ್ಟರೆ ಅದರ ತೆರೆಯ ಮೇಲೆ ಅಸಂಬದ್ಧ ಗುರುತುಗಳು ಬೀಳುತ್ತವೆ. ಜಾಂಗೊದ ಸ್ವಂತ ಟೇಬಲ್ ಒಂದನ್ನು ಬೇರೆ ಮಾಡಿ, ಪುಸ್ತಕದ ಸಂಖ್ಯೆಯ ಜೊತೆ ಯೂನಿಕೋಡ್ ಶೀರ್ಷಿಕೆಯನ್ನೂ ಲೇಖಕರ ಹೆಸರನ್ನೂ ಅಲ್ಲಿಟ್ಟು, ಹುಡುಕಾಟವನ್ನು ಅದರ ಮೇಲೆ ನಡೆಸಬಹುದು. ಹೊಸ ಪುಸ್ತಕಗಳು ಹಳೆಯ ಟೇಬಲ್‌ಗೇ ಬಂದು ಸೇರುವುದರಿಂದ ಪರಿವರ್ತನೆಯನ್ನು ಆಗಾಗ ಓಡಿಸುತ್ತಲೂ ಇರಬೇಕಾಗುತ್ತದೆ.